ಬಾಗಿಲು ಕಾಣುವ ಎಲೆ

ಪ್ರತಿ ಬಳಗದಲ್ಲೂ ಒಬ್ಬರು ಹೊಟ್ಟೆಯವರು ಇರುತ್ತಾರೆ. ನಮ್ಮ ಪಾಲಿಗೆ ಬಂದವರು ಶಿವಮೊಗ್ಗದ ಸೋದರಮಾವ. "ಚೆನ್ನಾಗಿದ್ದೀರಾ ಮಾವ?" ಎಂದು ಬಾಯಿಮಾತಿಗೆ ಕೇಳಿದವರು ಕೆಟ್ಟರು. ಬೆಳಗಿನ ಜಾವದಿಂದ ಎಷ್ಟು ಸಲ, ಯಾವ ಹದ ಎಂಬ ಪೂರ್ತಿ ವರದಿ ಬರುತ್ತದೆ. ಅದೂ ನಮ್ಮ ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಇರುವಾಗಲೇ.

ಮಾವನಿಗಿರುವುದು ಐಬಿಎಸ್ ಎಂಬ ಕರುಳಿನ ತೊಂದರೆ. ಕೊಲೊನೊಸ್ಕೋಪಿಯಿಂದ ಹಿಡಿದು ಏನೇ ಮಾಡಿಸಿದರೂ 'ನಾರ್ಮಲ್' ಎಂದೇ ಬರುತ್ತದೆ. ಬೇರೆಯವರಾದರೆ ಸಿಹಿ ಹಂಚುತ್ತಾರೆ, ಮಾವ ಡಾಕ್ಟರನ್ನು ಬದಲಿಸುತ್ತಾರೆ. ಹುಣ್ಣಿಲ್ಲ, ಗಡ್ಡೆಯಿಲ್ಲ, ಕರುಳಿಗೂ ಮಿದುಳಿಗೂ ನಡುವಿನ ಮಾತುಕತೆ ಕೆಟ್ಟಿದೆ ಅಷ್ಟೇ ಎಂದು ಒಬ್ಬ ಡಾಕ್ಟರು ವಿವರಿಸಿದಾಗ ಅತ್ತೆ, "ಇವರು ಮಿದುಳಿನ ಮಾತು ಕೇಳಿದ್ದು ಯಾವಾಗ?" ಅಂದರು.

ಆಮೇಲೆ ಮಗಳು ಮೆಲ್ಬರ್ನ್‌ನಿಂದ ಫಾಡ್‌ಮ್ಯಾಪ್ ಪಟ್ಟಿ ಕಳಿಸಿದಳು. ಅಲ್ಲಿನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಪಥ್ಯ. ಕರುಳಲ್ಲಿ ಹುದುಗಿ ಗಾಳಿ ತುಂಬಿಸುವ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು ಇವನ್ನೆಲ್ಲ 2ರಿಂದ 6 ವಾರ ಬಿಡಬೇಕು. ಆಮೇಲೆ ಒಂದೊಂದಾಗಿ ತಿಂದು ನೋಡಿ, ಒಗ್ಗಿದ್ದನ್ನು ಉಳಿಸಿಕೊಳ್ಳಬೇಕು. ಮಾವ ಮೊದಲ ಭಾಗವನ್ನಷ್ಟೇ ಓದಿದರು. 6 ವಾರ ಹೋಗಿ 6 ವರ್ಷವಾಗಿದೆ. ತಿಂದು ನೋಡುವ ಕೆಲಸವನ್ನು ಮದುವೆಮನೆಗಳಿಗೆ ಎತ್ತಿಟ್ಟಿದ್ದಾರೆ.

ಹೋದ ವೈಶಾಖದಲ್ಲಿ ಅರಸೀಕೆರೆಯಲ್ಲಿ ನನ್ನ ತಂಗಿಯ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ನಾಪತ್ತೆ! ಹುಡುಕಿದರೆ ಅಡುಗೆಮನೆಯಲ್ಲಿ ಹಿಂಗಿನ ಡಬ್ಬಿ ಹಿಡಿದು, ಕನ್ನಡಕ ಹಣೆಗೇರಿಸಿ ಸಣ್ಣಕ್ಷರ ಓದುತ್ತಿದ್ದಾರೆ.

"ಭಟ್ರೇ, ಇದರಲ್ಲಿ ಗೋಧಿಹಿಟ್ಟು ಬೆರೆಸಿದ್ದಾರೆ, ಗೊತ್ತಾ?"

"ಗೊತ್ತು ಸ್ವಾಮಿ. ಬರೀ ಹಿಂಗು ಸುರಿದ್ರೆ ಸಾರು ಬಾಯಿಗಿಡಕ್ಕಾಗಲ್ಲ."

ಕೋಸಂಬರಿಗೆ ಯಾವ ಬೇಳೆ, ಹುಳಿಗೆ ಎಷ್ಟು ಬೇಳೆ, ಮೊಸರು ಯಾವತ್ತಿನದು? ಹೊರಗೆ ಪುರೋಹಿತರು ಮುಹೂರ್ತ ಮೀರುತ್ತದೆಂದು ಕೂಗುತ್ತಿದ್ದಾರೆ. ಕೊನೆಗೆ ಭಟ್ಟರು ಸೌಟು ಕೆಳಗಿಟ್ಟು, "ಆ ಹೊಟ್ಟೆ ಇಲ್ಲೇ ಬಿಟ್ಟು ಮಂಟಪಕ್ಕೆ ಹೋಗಿ, ನಾನು ನೋಡ್ಕೋತೀನಿ" ಅಂದರು.

ಊಟದ ಪಂಕ್ತಿಯಲ್ಲಿ ಮಾವ ಮೂರು ಎಲೆ ಬದಲಿಸಿ, ತುದಿಯದೊಂದಕ್ಕೆ ಕೂತರು. ಅನ್ನ, ತುಪ್ಪ, ಉಪ್ಪು ಬಿಟ್ಟರೆ ಬಡಿಸಲು ಬಂದದ್ದಕ್ಕೆಲ್ಲ ಕೈ ಅಡ್ಡ. ಹೋಳಿಗೆ ಬಂತು. ಮೈದಾ ಕಣಕ, ಕಡಲೆಬೇಳೆ ಹೂರಣ; ಪಟ್ಟಿಯ ವೈರಿಗಳು ಒಂದೇ ಮಡಿಕೆಯಲ್ಲಿ. ಆಗ ಮಾವನ ಕೈ ತಾನಾಗಿ ಹಿಂದೆ ಸರಿಯಿತು. ಒಂದಲ್ಲ, ನಾಲ್ಕು ತಿಂದರು. ನಾನು ಬಿಟ್ಟ ಕಣ್ಣು ಬಿಟ್ಟು ನೋಡುತ್ತಿದ್ದೆ.

"ಎದುರಿಗೆ ನೋಡೋ" ಅಂದರು.

ಹತ್ತು ಹೆಜ್ಜೆ ಆಚೆ 'ಪುರುಷರು' ಎಂಬ ಬೋರ್ಡು, ಅರೆತೆರೆದ ಬಾಗಿಲು. ನಾಲ್ಕೂ ಅರಗಿದವು. ಆ ಬಾಗಿಲ ಕಡೆ ಮಾವ ಹೋಗಲೂ ಇಲ್ಲ.

ಅಂಥ ಬಾಗಿಲಿಲ್ಲದ ಬಸ್ಸನ್ನು ಮಾವ ಹತ್ತುವುದಿಲ್ಲ, ಏನಿದ್ದರೂ ರೈಲು. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬಿ, ಅಹ್ಮದ್‌ಪುರ ನಿಲ್ದಾಣದಲ್ಲಿ ಚೊಂಬು ಹಿಡಿದು ಇಳಿದಾಗ ರೈಲು ಬಿಟ್ಟುಹೋಯಿತೆಂದು 1909ರಲ್ಲಿ ರೈಲ್ವೆಗೆ ದೂರು ಬರೆದ ಓಖಿಲ್ ಚಂದ್ರ ಸೇನ್ ಮಾವನ ಪಾಲಿನ ಕುಲದೈವ. ಪತ್ರ ದೆಹಲಿಯ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆಯೆಂದು ತಿಳಿದು, ಕಾಶಿಗೆ ಹೊರಟವರು ಮೊದಲು ದೆಹಲಿಗೆ ಹೋಗಿ ಕೈಮುಗಿದು ಬಂದರು.

ನನಗೀಗ ಮೊದಲಿನಷ್ಟು ನಗು ಬರುವುದಿಲ್ಲ. ಮಾವ ಹಳ್ಳಿಯ ಮೇಷ್ಟ್ರಾಗಿದ್ದರು. ಶಾಲೆಯಲ್ಲಿ ಶೌಚಾಲಯ ಇರಲಿಲ್ಲ. ಪಾಠದ ಮಧ್ಯೆ ಎಲ್ಲಿ ಓಡಬೇಕಾಗುತ್ತದೋ ಎಂದು ಹೆದರಿ, ಮಧ್ಯಾಹ್ನದವರೆಗೆ ಹೊಟ್ಟೆಗೆ ಏನೂ ಹಾಕದೆ ಮೂವತ್ತು ವರ್ಷ ಕಳೆದರಂತೆ. ಇದನ್ನು ಹೇಳಿದ್ದು ಅತ್ತೆ. ಹದದ ಸಮೇತ ವರದಿ ಕೊಡುವ ಮಾವ ಇದೊಂದನ್ನು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಆಫೀಸಿನ ಮೀಟಿಂಗಿನಲ್ಲಿ ನಾನೂ ಬಾಗಿಲ ಪಕ್ಕದ ಕುರ್ಚಿ ಹಿಡಿದೆ. ಯಾಕೆಂದು ಯಾರೂ ಕೇಳಲಿಲ್ಲ, ಪುಣ್ಯ.

ನಿಮ್ಮ ಮನೆಯ ಶುಭಕಾರ್ಯಕ್ಕೆ ಇಂಥ ಮಾವ ಬಂದರೆ ಅಡುಗೆ ಬದಲಿಸಲು ಹೋಗಬೇಡಿ. ಕಾಲಿಗೆ ನೀರು ಕೊಡುವಾಗಲೇ ಬಚ್ಚಲು ಎಲ್ಲಿದೆಯೆಂದು ತೋರಿಸಿಬಿಡಿ. ಹೋಳಿಗೆ ಮಾತ್ರ ನಾಲ್ಕು ಹೆಚ್ಚಿಗೆ ಮಾಡಿಸಿ.