ಚೆನ್ನಾಗಿದ್ದಾನಲ್ಲ ರಾಯರು

ಪ್ರತಿ ಬಡಾವಣೆಯಲ್ಲೂ ಒಬ್ಬ ಚೆನ್ನಾಗಿದ್ದಾನಲ್ಲ ರಾಯರು ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಆಧಾರ್ ಕಾರ್ಡಿನಲ್ಲಿ ಕ್ಷೇಮವಾಗಿರಲಿ. ಈ ಬಿರುದು ಬಂದದ್ದು ಅವರ ಒಂದೇ ಮಾತಿನಿಂದ. “ರೀ, ಸ್ಕೂಲು ಶುರುವಾಗೋ ಮೊದಲು ಪುಟ್ಟನ್ನ ಒಂದ್ಸಲ ಡಾಕ್ಟರಿಗೆ ತೋರಿಸಿಬಿಡೋಣ” ಎಂದು ಅವರ ಹೆಂಡತಿ ಮೇ ತಿಂಗಳಲ್ಲಿ ಹೇಳುತ್ತಾರೆ. “ಯಾಕೆ? ಚೆನ್ನಾಗಿದ್ದಾನಲ್ಲ!” ಎಂಬ ಉತ್ತರ ಪೇಪರಿನ ಹಿಂದಿನಿಂದ ಬರುತ್ತದೆ. ಅಲ್ಲಿಗೆ ಸಭೆ ಬರಖಾಸ್ತು.

ರಾಯರು ಉದಾಸೀನದ ಮನುಷ್ಯ ಎಂದುಕೊಳ್ಳಬೇಡಿ. ಕೆಡುವ ಮೊದಲೇ ನೋಡಿಸಬೇಕು ಎಂಬುದೇ ಅವರ ಜೀವನ ಸಿದ್ಧಾಂತ. ಯುಪಿಎಸ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ನೀರಿನ ಫಿಲ್ಟರಿಗೆ ಹೊಸ ಕ್ಯಾಂಡಲ್, ಸಂಪಿಗೆ ಬ್ಲೀಚಿಂಗ್ ಪೌಡರ್ ಎಲ್ಲಕ್ಕೂ ತಾರೀಖು ಗೊತ್ತು ಮಾಡಿ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿರುತ್ತಾರೆ. ಕಾರಂತೂ ಸದ್ದು ಮಾಡುವ ಮೊದಲೇ ಗ್ಯಾರೇಜಿಗೆ ಹೋಗುತ್ತದೆ. ತಮ್ಮ ಮೈಯ ವಿಷಯದಲ್ಲೂ ಹಾಗೆಯೇ: ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯಲ್ಲಿ ಹೋಗಿ ಮಾಸ್ಟರ್ ಚೆಕಪ್ ಮಾಡಿಸಿಕೊಂಡು ಬಂದು, ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮಗೆಲ್ಲ ತಮ್ಮ ಕೊಲೆಸ್ಟರಾಲನ್ನು ಓದಿ ಹೇಳುತ್ತಾರೆ. ಮಗನೊಬ್ಬನಿಗೆ ಮಾತ್ರ ಈ ಸಿದ್ಧಾಂತ ಅನ್ವಯಿಸುವುದಿಲ್ಲ. ಅವನು ಓಡುತ್ತಿದ್ದಾನೆ, ಕಿರುಚುತ್ತಿದ್ದಾನೆ, ಪಕ್ಕದ ಮನೆಯ ಗಾಜು ಒಡೆಯುತ್ತಿದ್ದಾನೆ. ಇನ್ನೇನು ಬೇಕು?

ಶಾಲೆಯ ತಯಾರಿಯಲ್ಲಿ ಅವರನ್ನು ಮೀರಿಸುವವರಿಲ್ಲ. ಅವೆನ್ಯೂ ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ನೋಟ್‌ಬುಕ್ ತರುತ್ತಾರೆ. ಬ್ರೌನ್ ಪೇಪರಿನ ರಟ್ಟು ಹಾಕಿ, ಲೇಬಲ್ಲನ್ನು ಸ್ಕೇಲಿಟ್ಟು ಅಂಟಿಸುತ್ತಾರೆ. ಶೂ ಅಂಗಡಿಯಲ್ಲಿ ಮಗನ ಹೆಬ್ಬೆರಳಿನ ಮುಂದೆ ಎಷ್ಟು ಜಾಗವಿದೆ ಎಂದು ಒತ್ತಿ ಒತ್ತಿ ನೋಡುತ್ತಾರೆ. ಶಾಲಾ ಚೀಲದ ಭಾರಕ್ಕೆ ಮಿತಿ ಇದೆ ಎಂದು ಓದಿದ್ದೇ ತಡ, ಲಗೇಜು ತೂಗುವ ಕೊಕ್ಕೆ ತಕ್ಕಡಿ ತರಿಸಿ ಚೀಲ ನೇತುಹಾಕಿದರು. ಎರಡು ಕೆಜಿ ಮುನ್ನೂರು ಗ್ರಾಂ! ಅಡ್ಮಿಷನ್ ಫಾರಂ ತರುವ ನೆಪದಲ್ಲಿ ಶಾಲೆಗೇ ಹೋಗಿ, ಒಂದು ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕೆಜಿ ಎಂದು 2019ರಲ್ಲೇ ಸರ್ಕಾರದ ಆದೇಶವಾಗಿದೆ, ಮಗುವಿನ ತೂಕದ ಶೇಕಡಾ 10 ಮೀರುವಂತಿಲ್ಲ ಎಂದು ಜಗಳ ತೆಗೆದರು. ಟೀಚರಮ್ಮ ಶಾಂತವಾಗಿ, “ಸರಿ ಸರ್, ನಿಮ್ಮ ಮಗುವಿನ ತೂಕ ಎಷ್ಟು?” ಎಂದರು. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾವಮೈದುನನ ಮದುವೇಲಿ ಎತ್ಕೊಂಡಿದ್ದಾಗ ಭಾರವೇ ಇದ್ದ” ಎಂದರಂತೆ.

ಅವರ ಮನೆಗೆಲಸಕ್ಕೆ ಬರುವಾಕೆಯ ಮಗಳು ಸರ್ಕಾರಿ ಶಾಲೆಯಲ್ಲಿ ಓದುತ್ತಾಳೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಎಂದು 2013ರಲ್ಲಿ ಶುರುವಾದದ್ದೊಂದಿದೆ. ಅದರ ತಂಡ ವರ್ಷಕ್ಕೊಮ್ಮೆ ಆ ಶಾಲೆಗಳಿಗೆ ಹೋಗಿ ಮಕ್ಕಳ ಎತ್ತರ, ತೂಕ, ಕಣ್ಣು, ಕಿವಿ, ಹಲ್ಲು ಎಲ್ಲ ನೋಡುತ್ತದೆ. ಹಾಗೆ ನೋಡಿಯೇ ಆ ಹುಡುಗಿಗೆ ಕನ್ನಡಕ ಬಂತು. ಹೊಸ ಕನ್ನಡಕದಲ್ಲಿ ಅವಳನ್ನು ಕಂಡ ರಾಯರು, “ಪಾಪ, ಆ ಮಕ್ಕಳಿಗೆ ಏನಾದರೂ ಒಂದು ಇರುತ್ತೆ” ಎಂದು ಮರುಗಿದರು. ಅದೇ ಹೊತ್ತಿಗೆ ಅವರ ಮಗ ಹಾಲಿನಲ್ಲಿ ಕುಳಿತು ತಲೆ ಓರೆ ಮಾಡಿಕೊಂಡು ಟಿವಿ ನೋಡುತ್ತಿದ್ದ. ಅದು ಅವರ ಗಮನಕ್ಕೆ ಬಾರದೇ ಇರಲಿಲ್ಲ. ಬಂದಿತ್ತು. ಮಾರನೇ ದಿನವೇ ಕಾರ್ಪೆಂಟರನ್ನು ಕರೆಸಿ ಟಿವಿಯನ್ನೇ ಓರೆ ಮಾಡಿಸಿದರು.

ಈ ಸಲ ಅವರನ್ನು ಮಕ್ಕಳ ಡಾಕ್ಟರ ಬಳಿಗೆ ಕಳಿಸಿದ್ದು ಹೆಂಡತಿಯಲ್ಲ, ಆ ಫಾರಂ. ಒಂದನೇ ತರಗತಿಯ ಅಡ್ಮಿಷನ್ ಫಾರಂನ ಕೊನೆಯ ಪುಟದಲ್ಲಿ ವೈದ್ಯರ ಸಹಿ ಮತ್ತು ಮೊಹರಿಗೆ ಜಾಗ ಬಿಟ್ಟಿದ್ದರು. ಅವರ ಕಾರು ಸಹಜವಾಗಿಯೇ ಸರ್ವೀಸಿಗೆ ಹೋಗಿತ್ತು. ಹೀಗಾಗಿ ನಾನು, ನನ್ನ ಕಾರು.

“ನೋಡೋದೇನೂ ಇಲ್ಲ ಡಾಕ್ಟ್ರೇ, ಚೆನ್ನಾಗಿದ್ದಾನೆ. ಒಂದು ಸೀಲ್ ಹೊಡೆದುಬಿಡಿ” ಎಂದು ರಾಯರು ಫಾರಂ ಮುಂದಿಟ್ಟರು. ಡಾಕ್ಟರು ವಯಸ್ಸಾದವರು, ಇಂಥ ರಾಯರನ್ನು ಬಹಳ ಕಂಡವರು. ಫಾರಂ ಪಕ್ಕಕ್ಕಿಟ್ಟು ತಾಯಿ ಕಾರ್ಡು ಕೇಳಿದರು. ಕಾರಿನ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟು ರಾಯರ ಪರ್ಸಿನಲ್ಲೇ ಲ್ಯಾಮಿನೇಟಾಗಿ ಕುಳಿತಿದ್ದವು. ಕಾರ್ಡು ಮಾತ್ರ ಅವರ ಹೆಂಡತಿಯ ಕೈಚೀಲದಿಂದ ನಾಲ್ಕಾಗಿ ಮಡಚಿಕೊಂಡು ಹೊರಬಂತು. ಐದರಿಂದ ಆರು ವರ್ಷದ ನಡುವೆ ಹಾಕಿಸಬೇಕಾದ ಡಿಪಿಟಿ ಎರಡನೇ ಬೂಸ್ಟರಿನ ಖಾನೆ ಖಾಲಿ. ಹುಡುಗನಿಗೆ ಆರೂವರೆ. “ಸದ್ಯ, ಏಳು ತುಂಬೋದ್ರೊಳಗೆ ಬಂದ್ರಲ್ಲ” ಎಂದರು ಡಾಕ್ಟರು.

ಆಮೇಲೆ ಎತ್ತರ ಅಳೆದರು. ಚಾರ್ಟಿನಲ್ಲಿ ಕೆಳಗಿನ ಗೆರೆಗಳ ಹತ್ತಿರ ಒಂದು ಚುಕ್ಕೆ ಇಟ್ಟು, “ಹೋದ ವರ್ಷದ ಎತ್ತರ ಎಷ್ಟಿತ್ತು?” ಎಂದು ಕೇಳಿದರು.

“ಅದೆಲ್ಲ ಯಾರು ಬರೆದಿಡ್ತಾರೆ ಡಾಕ್ಟ್ರೇ?”

“ಬರೀ ಒಂದು ಚುಕ್ಕೆಯಿಂದ ನಾನು ಗೆರೆ ಎಳೆಯೋದು ಹೇಗೆ? ಈ ವಯಸ್ಸಲ್ಲಿ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೀಬೇಕು. ಬೆಳೆದಿದಾನೋ ಇಲ್ವೋ ಹೇಗೆ ಹೇಳಲಿ?”

ರಾಯರ ಮುಖ ಅರಳಿತು. “ಅಯ್ಯೋ, ಅದಕ್ಕೆ ದಾಖಲೆ ಇದೆ! ಈ ಯೂನಿಫಾರಂ ಪ್ಯಾಂಟೇ ನೋಡಿ. ಯುಕೆಜಿಗೆ ಹೊಲಿಸಿದ್ದು. ಬೆಳೀತಾನೆ ಅಂತ ಕೆಳಗೆ ಮೂರಿಂಚು ಮಡಿಸಿ ಹೊಲಿಸಿದ್ದೆ. ವರ್ಷ ಆಯ್ತು, ಇನ್ನೂ ಒಂದು ಹೊಲಿಗೆ ಬಿಚ್ಚಿಲ್ಲ. ಈ ವರ್ಷಕ್ಕೂ ಆರಾಮಾಗಿ ಆಗುತ್ತೆ!”

ಡಾಕ್ಟರು ಕನ್ನಡಕ ಮೇಲೇರಿಸಿ ಆ ಮಡಿಕೆಯನ್ನು ಬೆರಳಿನಿಂದ ಸವರಿದರು. ಅಷ್ಟು ಗಂಭೀರವಾಗಿ ಪ್ಯಾಂಟು ನೋಡಿದ ಇನ್ನೊಬ್ಬ ಡಾಕ್ಟರನ್ನು ನಾನು ಕಂಡಿಲ್ಲ. ಬಳಿಕ ಚೀಟಿ ತೆಗೆದು ರಕ್ತಪರೀಕ್ಷೆ ಬರೆದರು. “ಶಾಲೇಲಿ ಹುಳದ ಮಾತ್ರೆ ಕೊಟ್ಟಿದ್ರಾ?” ಎಂದು ಕೇಳಿದರು. ಫೆಬ್ರವರಿಯಲ್ಲಿ ಕೊಟ್ಟಿದ್ದರು. ಆದರೆ ‘ನಮ್ಮ ಮನೇಲಿ ಹುಳ ಎಲ್ಲಿಂದ ಬರ್ಬೇಕು, ನುಂಗಬೇಡ’ ಎಂದು ರಾಯರು ಹೇಳಿ ಕಳಿಸಿದ್ದರು. ಇದನ್ನು ಹುಡುಗನೇ ಒಪ್ಪಿಸಿದ. ಮೂರಿಂಚಿನ ಉಳಿತಾಯ ಕೈಜಾರಿದ್ದು ರಾಯರಿಗೆ ನಿಧಾನವಾಗಿ ಅರ್ಥವಾಗತೊಡಗಿತು.

ಹಲ್ಲಿನ ಕಥೆ ಬೇಗ ಮುಗಿಯಿತು. ಹಿಂದಿನ ದವಡೆಯಲ್ಲೊಂದು ಕಪ್ಪು ಚುಕ್ಕೆ. “ಹಾಲುಹಲ್ಲು ಬಿಡಿ, ಬಿದ್ದೋಗುತ್ತೆ” ಎಂದರು ರಾಯರು. “ಇದು ಆರನೇ ವರ್ಷಕ್ಕೆ ಬರೋ ಕಾಯಂ ಹಲ್ಲು. ಬಿದ್ರೆ ನೀವು ಕಟ್ಟಿಸಿಕೊಡಬೇಕು” ಎಂದರು ಡಾಕ್ಟರು.

ಕೊನೆಗೆ ಕಣ್ಣು. ಎಡಗಣ್ಣು ಮುಚ್ಚಿಸಿದರು. ಹುಡುಗ ಗೋಡೆಯ ಮೇಲಿನ ಅಕ್ಷರಗಳನ್ನು ಸಾಲಾಗಿ ಓದಿದ. ಬಲಗಣ್ಣು ಮುಚ್ಚಿಸಿದರು. ಮೊದಲಿಗಿಂತ ಜೋರಾಗಿ, ಮಗ್ಗಿ ಹೇಳುವ ಧಾಟಿಯಲ್ಲಿ ಓದಿದ. ರಾಯರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಡಾಕ್ಟರು, “ಭೇಷ್. ಈಗ ಅದೇ ಸಾಲನ್ನ ಹಿಂದಿನಿಂದ ಓದು” ಎಂದರು.

ಹುಡುಗ ತಬ್ಬಿಬ್ಬಾದ. “ಆ ಅಕ್ಕ ಹಿಂದಿನಿಂದ ಓದಲೇ ಇಲ್ವಲ್ಲ ಅಂಕಲ್!”

ನಮಗಿಂತ ಮೊದಲು ಒಳಗೆ ಹೋಗಿದ್ದ ಹುಡುಗಿ ಓದಿದ್ದನ್ನೆಲ್ಲ ಅವನು ಬಾಗಿಲ ಬಳಿ ನಿಂತು ಬಾಯಿಪಾಠ ಮಾಡಿಕೊಂಡಿದ್ದ. “ಜ್ಞಾಪಕಶಕ್ತಿ ನೋಡಿದ್ರಾ!” ಎಂದರು ರಾಯರು. ಡಾಕ್ಟರು ನೋಡಿದ್ದು ಎಡಗಣ್ಣನ್ನು. ಬಲಗಣ್ಣು ಮುಚ್ಚಿದರೆ ಅದಕ್ಕೆ ಎರಡನೇ ಸಾಲಿನ ಕೆಳಗೆ ಬರೀ ಗೋಡೆ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದರದ್ದು ಯಾರಿಗೂ ತಿಳಿಯುವುದಿಲ್ಲ, ಮಗುವಿಗೂ ತಿಳಿಯುವುದಿಲ್ಲ. ಮಂದವಾದ ಕಣ್ಣಿನ ಚಿತ್ರವನ್ನು ಮಿದುಳು ಕ್ರಮೇಣ ಲೆಕ್ಕಕ್ಕೇ ತೆಗೆದುಕೊಳ್ಳದಂತಾಗುತ್ತದೆ. ಚಿಕ್ಕ ವಯಸ್ಸಿನಲ್ಲೇ ಕನ್ನಡಕವನ್ನೋ ಪಟ್ಟಿಯನ್ನೋ ಹಾಕಿದರೆ ತಿದ್ದಬಹುದು, ತಡವಾದಷ್ಟೂ ಕಷ್ಟ ಎಂದು ಬಿಡಿಸಿ ಹೇಳಿದರು. “ಲೇಜಿ ಐ ಇರಬಹುದು, ಕಣ್ಣಿನ ಡಾಕ್ಟರಿಗೆ ತೋರಿಸಿ.”

“ಓದೋಕೆ ಸೋಮಾರಿ ಅಂತ ಗೊತ್ತಿತ್ತು. ಕಣ್ಣೂನಾ?” ಎಂದರು ರಾಯರು. ದನಿಯಲ್ಲಿ ಮೊದಲಿನ ಕಸುವಿರಲಿಲ್ಲ. ಮೊಹರೇನೋ ಬಿತ್ತು, ಅದರ ಮೇಲೆ ನಾಲ್ಕು ಸಾಲು ಬರಹವೂ ಬಿತ್ತು.

ವಾಪಸು ಬರುವಾಗ ಸಿಗ್ನಲ್ ದಾಟುವವರೆಗೂ ರಾಯರು ಮಾತಾಡಲಿಲ್ಲ. ಆಮೇಲೆ ಹಿಂದಿನ ಸೀಟಿನ ಕಡೆ ಅರ್ಧ ತಿರುಗಿ, “ಇದೆಲ್ಲ ನಿಮ್ಮ ಕಡೆಯವರಿಂದ ಬಂದದ್ದು. ನಮ್ಮ ವಂಶದಲ್ಲಿ ಕನ್ನಡಕವೇ ಇಲ್ಲ” ಎಂದರು.

“ಹಾಗಾದ್ರೆ ನಿಮ್ಮ ಮೂಗಿನ ಮೇಲಿರೋದು?” ಎಂದರು ಹೆಂಡತಿ.

“ಇದಾ? ಇದು ಕಂಪ್ಯೂಟರಿಂದ ಬಂದದ್ದು ಕಣೇ.”