ನಿರ್ಣಾಯಕರ ತೀರ್ಮಾನವೇ ಅಂತಿಮ (ಅಪೀಲಿಗೆ ಒಳಪಟ್ಟು)

ಪುಣೆಯ ಕೋಳಿ ಕಂಪನಿ ವೆಂಕೀಸ್ 2010ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡಿತು. 1995ರಲ್ಲಿ ಪ್ರೀಮಿಯರ್ ಲೀಗ್ ಗೆದ್ದಿದ್ದ ಮನೆತನಸ್ಥ ಕ್ಲಬ್ಬು. ಹೊಸ ಮಾಲಕರು ಬಂದು ಒಂದೂವರೆ ವರ್ಷಕ್ಕೆ, 2012ರ ಮೇ ತಿಂಗಳಲ್ಲಿ, ಅದು ಎರಡನೇ ದರ್ಜೆಗೆ ಜಾರಿತು. ಜಾರಿದ ದಿನ ಮೈದಾನಕ್ಕೆ ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಬಿಟ್ಟರು. 2017ರಲ್ಲಿ ಮೂರನೇ ದರ್ಜೆಗೂ ಇಳಿದು, ಮರುವರ್ಷ ಮತ್ತೆ ಎರಡಕ್ಕೆ ಹತ್ತಿತು. ನಮ್ಮೂರು ಹೊಂಬಳದ ಗೋವಿನಜೋಳವೂ ಕೊನೆಗೆ ಯಾವುದೋ ಕೋಳಿಯ ಹೊಟ್ಟೆಯನ್ನೇ ಸೇರುವುದರಿಂದ ಈ ಕಥೆಯಲ್ಲಿ ನಮಗೂ ಒಂದು ಕಾಳಿನಷ್ಟು ಪಾಲಿದೆ.

ನಮ್ಮೂರ ಕಟ್ಟೆಯ ಮೇಲಿನ ಕಾಕಾಗೆ ಕೋಳಿಯ ವಿಷಯ ತಿಳಿಯಿತು, ಕ್ಲಬ್ಬಿನದು ತಿಳಿಯಲಿಲ್ಲ. “ಅಲ್ಲೋ ತಮ್ಮಾ, ರೊಕ್ಕಾ ಕೊಟ್ಟು ಕೊಂಡಾನ. ಅಂಥಾವನ ಟೀಮು ಹ್ಯಾಂಗ ಇಳಸತಾರ? ಮ್ಯಾಲಿಂದ ಒಂದ್ ಫೋನ್ ಮಾಡಸೋರು ಯಾರೂ ಇರಲಿಲ್ಲೇನು?”

ಇರಲಿಲ್ಲ ಕಾಕಾ. ಆ ಲೀಗಿಗೆ ಜನ ಮುಗಿಬೀಳುವುದೇ ಅದಕ್ಕೆ.

ಚಾಂಪಿಯನ್‌ಷಿಪ್ ಎಂದು ಕರೆಸಿಕೊಳ್ಳುವ ಈ ಎರಡನೇ ದರ್ಜೆಯಲ್ಲಿ 24 ತಂಡ, ತಲಾ 46 ಪಂದ್ಯ. ಮೊದಲಿನ ಇಬ್ಬರಿಗೆ ನೇರ ಬಡ್ತಿ. 2024–25ರ ನಿಯಮದಂತೆ ಮೂರರಿಂದ ಆರನೇ ಸ್ಥಾನದವರು ತಮ್ಮೊಳಗೆ ಹೊಡೆದಾಡಿ, ವೆಂಬ್ಲಿಯ ಫೈನಲ್ ಗೆದ್ದ ಒಬ್ಬರಿಗೆ ಬಡ್ತಿ. ಕೊನೆಯ ಮೂವರು ಕೆಳಗೆ. ಯುರೋಪಿನ ಎಷ್ಟೋ ದೇಶಗಳ ಮೊದಲ ದರ್ಜೆಯ ಲೀಗಿಗೂ ಸೇರದಷ್ಟು ಪ್ರೇಕ್ಷಕರು ಇದಕ್ಕೆ ಸೇರುತ್ತಾರೆ. 2014ರವರೆಗೆ ಐದನೇ ದರ್ಜೆಯಲ್ಲಿ ಕೊಳೆಯುತ್ತಿದ್ದ ಲೂಟನ್ ಟೌನ್ 2023ರಲ್ಲಿ ಪ್ರೀಮಿಯರ್ ಲೀಗ್ ಮುಟ್ಟಿತು. 2024ರಲ್ಲಿ ಕೆಳಗೆ ಬಿತ್ತು, 2025ರಲ್ಲಿ ಇನ್ನೂ ಒಂದು ಮೆಟ್ಟಿಲು ಉರುಳಿತು. 2016ರಲ್ಲಿ ದೇಶಕ್ಕೇ ಚಾಂಪಿಯನ್ ಆಗಿದ್ದ ಲೆಸ್ಟರ್ ಸಿಟಿ 2023ರಲ್ಲಿ ಇಳಿಯಿತು, 2024ರಲ್ಲಿ ಹತ್ತಿತು, 2025ರಲ್ಲಿ ಮತ್ತೆ ಇಳಿಯಿತು.

2025ರ ಫೈನಲ್ಲಂತೂ ಕಾಕಾನ ತಲೆ ಕೆಡಿಸಿತು. ಲೀಗಿನಲ್ಲಿ 90 ಅಂಕ ಗಳಿಸಿದ್ದ ಶೆಫೀಲ್ಡ್ ಯುನೈಟೆಡ್ ಅನ್ನು 76 ಅಂಕದ ಸಂಡರ್‌ಲ್ಯಾಂಡ್ ಹೆಚ್ಚುವರಿ ನಿಮಿಷದ ಗೋಲಿನಿಂದ 2–1ಕ್ಕೆ ಬಡಿದು ಮೇಲೆ ಹೋಯಿತು.

“ಎಪ್ಪತ್ತಾರು ಬಿದ್ದಾಂವ ಪಾಸು, ತೊಂಬತ್ತು ಬಿದ್ದಾಂವ ನಪಾಸು! ಇದು ನಮ್ಮ ನೌಕರಿ ಲಿಸ್ಟ್ ಇದ್ದಂಗ ಐತಲ್ಲೋ!”

ಒಂದು ಸಣ್ಣ ವ್ಯತ್ಯಾಸ ಇದೆ ಕಾಕಾ. ಅಲ್ಲಿ ಈ ನಿಯಮ ಮೊದಲ ಪಂದ್ಯಕ್ಕಿಂತ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ.

ಹಾಗಂತ ನಮ್ಮ ದೇಶದ ಎರಡನೇ ದರ್ಜೆಯನ್ನು ಹಗುರಾಗಿ ಕಾಣಬೇಡಿ. ಅನಿರೀಕ್ಷಿತದ ಲೆಕ್ಕದಲ್ಲಿ 2024–25ರ ಐ–ಲೀಗ್ ಎದುರು ಇಂಗ್ಲೆಂಡಿನವರು ಇನ್ನೂ ಬಾಲವಾಡಿ. ನಮ್ಮದೇ ಎಸ್‌ಸಿ ಬೆಂಗಳೂರು 2023–24ರಲ್ಲಿ ಮೂರನೇ ದರ್ಜೆ ಗೆದ್ದು ಐ–ಲೀಗಿಗೆ ಹತ್ತಿತು, ಮರುವರ್ಷವೇ ಕೆಳಗಿಳಿಯಿತು. ಆಡಿ ಹತ್ತಿ, ಆಡಿಯೇ ಇಳಿದದ್ದರಿಂದ ಅದು ಸುದ್ದಿಯಾಗಲಿಲ್ಲ. ಸುದ್ದಿಯಾದದ್ದು ಪಟ್ಟಿಯ ತುದಿ. 2025ರ ಏಪ್ರಿಲ್ 6ರಂದು ಪಂದ್ಯಗಳೆಲ್ಲ ಮುಗಿದಾಗ ಗೋವಾದ ಚರ್ಚಿಲ್ ಬ್ರದರ್ಸ್‌ಗೆ 40 ಅಂಕ, ಇಂಟರ್ ಕಾಶಿಗೆ 39. ಆದರೆ ಕಾಶಿ ಜನವರಿಯಲ್ಲಿ ನಾಮಧಾರಿ ತಂಡಕ್ಕೆ ಸೋತ ಪಂದ್ಯದಲ್ಲಿ ಎದುರಾಳಿ ಅರ್ಹನಲ್ಲದ ಆಟಗಾರನನ್ನು ಆಡಿಸಿತ್ತೆಂಬ ತಕರಾರು ಬಾಕಿ ಇತ್ತು. ಶಿಸ್ತು ಸಮಿತಿ ಕಾಶಿಗೆ ಅಂಕ ಕೊಟ್ಟಿತು, ಮೇಲ್ಮನವಿ ಸಮಿತಿ ಕಿತ್ತುಕೊಂಡಿತು. ಚರ್ಚಿಲ್ ಚಾಂಪಿಯನ್ ಎಂದು ಸಾರಲಾಯಿತು. ಕಾಶಿ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಯ ಬಾಗಿಲು ಬಡಿಯಿತು. ಜುಲೈ 18ಕ್ಕೆ ಅಲ್ಲಿಂದ ತೀರ್ಪು ಬಂತು: ಚಾಂಪಿಯನ್ ಇಂಟರ್ ಕಾಶಿ. ವೆಂಬ್ಲಿಯ ಫೈನಲ್‌ಗೆ 80 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ನಮ್ಮ ಫೈನಲ್ ಚೆಂಡಿಲ್ಲದೆ, ವಕೀಲರಿಂದಲೇ ಮುಗಿಯಿತು.

ಗೆದ್ದವರಿಗೆ ಮೊದಲ ದರ್ಜೆಯ ಐಎಸ್‌ಎಲ್‌ಗೆ ಬಡ್ತಿ. ಆದರೆ ತೀರ್ಪಿಗೆ ಒಂದು ವಾರ ಮೊದಲೇ, ಜುಲೈ 11ಕ್ಕೆ, ಸಂಘಟಕರು ಐಎಸ್‌ಎಲ್ ಅನ್ನೇ ತಡೆಹಿಡಿದಿದ್ದರು. ಫುಟ್‌ಬಾಲ್ ಒಕ್ಕೂಟದ ಜೊತೆಗಿನ ಹಕ್ಕಿನ ಕರಾರು ಡಿಸೆಂಬರ್‌ಗೆ ಮುಗಿಯುತ್ತದೆ, ಮುಂದಿನದು ಬರೆದಾಗಿಲ್ಲ ಎಂಬುದು ಅವರು ಆಗ ಕೊಟ್ಟ ಕಾರಣ. ಕಾಶಿಯವರು ಏಣಿ ಹತ್ತಿ ನೋಡಿದರೆ ಅಟ್ಟವೇ ಇರಲಿಲ್ಲ! 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ–ಲೀಗ್ ಗೆದ್ದಿದ್ದ ನಮ್ಮ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಆಟಗಾರರ ಸಂಬಳವನ್ನೇ ನಿಲ್ಲಿಸಿತು. ಇಷ್ಟಿದ್ದರೂ ಒಂದು ವಿಷಯದಲ್ಲಿ ಐಎಸ್‌ಎಲ್ ಬಹಳ ನಿಶ್ಚಿತವಾಗಿತ್ತು. 2014ರಲ್ಲಿ ಶುರುವಾದಾಗಿನಿಂದ 2024–25ರವರೆಗೆ ಅಲ್ಲಿಂದ ಆಡಿ ಸೋತು ಕೆಳಗಿಳಿದವರು ಒಬ್ಬರೂ ಇಲ್ಲ. ಐಪಿಎಲ್‌ನಲ್ಲೂ ಅದೇ ಪುಣ್ಯ. 2017ರಲ್ಲಿ ಕಡೆಯ ಸ್ಥಾನ, 2019ರಲ್ಲಿ ಕಡೆಯ ಸ್ಥಾನ ಪಡೆದ ಆರ್‌ಸಿಬಿ 2025ರಲ್ಲಿ ಕಪ್ ಎತ್ತಿತು. ಇಂಗ್ಲೆಂಡಿನ ಕಾನೂನು ನಡೆದಿದ್ದರೆ ‘ಈ ಸಲ ಕಪ್ ನಮ್ದೆ’ ಎಂದು ನಾವು ಮೂರನೇ ದರ್ಜೆಯ ಕಪ್ಪಿಗೆ ಕೂಗಬೇಕಾಗುತ್ತಿತ್ತು.

ನಮ್ಮ ಕಡೆ ಜಾತ್ರೆಯ ಕಬಡ್ಡಿ ಪಂದ್ಯಾವಳಿಯ ಹ್ಯಾಂಡ್‌ಬಿಲ್ ನೋಡಿ. ತಾರೀಖು, ಜಾಗ, ಪ್ರವೇಶ ಫೀ, ಬಹುಮಾನ, ಬಹುಮಾನ ಕೊಟ್ಟ ಧಣಿಯ ಫೋಟೊ, ಕಡೆಗೆ ದಪ್ಪ ಅಕ್ಷರದಲ್ಲಿ ‘ನಿರ್ಣಾಯಕರ ತೀರ್ಮಾನವೇ ಅಂತಿಮ’. ಗೊತ್ತಿಲ್ಲದ್ದು ಒಂದೇ: ಯಾರು ಗೆಲ್ಲುತ್ತಾರೆ. ಆ ಒಂದಕ್ಕೇ ಜನ ನಡುರಾತ್ರಿಯವರೆಗೂ ಧೂಳಿನಲ್ಲಿ ನಿಲ್ಲುತ್ತಾರೆ. ದಿಲ್ಲಿಯ ಫುಟ್‌ಬಾಲ್ ಒಕ್ಕೂಟದವರ ಹ್ಯಾಂಡ್‌ಬಿಲ್ಲಿನಲ್ಲಿ ಉಳಿದದ್ದೇನೂ ಗೊತ್ತಿರುವುದಿಲ್ಲ; ಧಣಿಯ ಫೋಟೊ ಮಾತ್ರ ಇರುತ್ತದೆ.

ಕಾಕಾ ಪರಿಹಾರ ಕೊಟ್ಟಿದ್ದಾನೆ. ಪ್ರತಿ ಮೇ ತಿಂಗಳು ಫುಟ್‌ಬಾಲ್ ಒಕ್ಕೂಟದ ಕಡೆಯ ಮೂವರು ಪದಾಧಿಕಾರಿಗಳನ್ನು ಇಳಿಸಿ ಜಾತ್ರಾ ಕಮಿಟಿಗೆ ಹಾಕುವುದು. ಜಾತ್ರಾ ಕಮಿಟಿಯ ಮೂವರನ್ನು ದಿಲ್ಲಿಗೆ ಹತ್ತಿಸುವುದು. ಠರಾವು ಚೆನ್ನಾಗಿದೆ, ಆದರೆ ಅದಕ್ಕೆ ಕೈ ಎತ್ತಬೇಕಾದವರು ಇಳಿಯಬೇಕಾದವರೇ. ಇಳಿಯುವ ಆಸೆ ಇಂಗ್ಲೆಂಡಿನ ಧಣಿಗಳಿಗೂ ಇಲ್ಲ ಅನ್ನಿ. 2021ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಆರು ಶ್ರೀಮಂತ ಕ್ಲಬ್ಬುಗಳು ಎಂದೂ ಇಳಿಯದ ಸೂಪರ್ ಲೀಗ್ ಸೇರಲು ಹೊರಟಿದ್ದವು. ಅವುಗಳ ಅಭಿಮಾನಿಗಳೇ ಬೀದಿಗಿಳಿದು, ಮೂರು ದಿನದೊಳಗೆ ಆರನ್ನೂ ವಾಪಸ್ ಎಳೆತಂದರು. ತಮ್ಮ ತಂಡಕ್ಕೆ ಬೀಳುವ ಹಕ್ಕು ಬೇಕೆಂದು ಹಟ ಹಿಡಿದ ಜನ ಅವರು. ನಾವು ತಂಡ ಬಿದ್ದರೆ ಅತ್ತು, ಧಣಿ ಬಿದ್ದರೆ ಎತ್ತಿ, ಮತ್ತೆ ಅವನ ಫೋಟೊವನ್ನೇ ದೊಡ್ಡದಾಗಿ ಅಚ್ಚು ಹಾಕಿಸುವವರು.