ತಂತಿ ತಾಗುವುದು ಎಲ್ಲಿಗೆ?

ಯುಗಾದಿಗೆ ಎರಡು ದಿನ ಇರುವಾಗ ಅಕ್ಕನ ಮಗ ಬೆಂಗಳೂರಿನಿಂದ ನೀಲಗುಂದಕ್ಕೆ ಬಂದಿಳಿದ. ಬೆನ್ನಿಗೊಂದು, ಕೈಗೊಂದು ಉದ್ದನೆಯ ಕರಿ ಚೀಲ. ಓಣಿಯವರು ಮೊದಲು ಸಿತಾರ ಅಂದರು. ಕಟ್ಟೆಯ ಮೇಲಿನ ಹಿರಿಯರೊಬ್ಬರು, ‘ಎರಡೆರಡು ಬಂದೂಕು ಯಾಕೆ ಬೇಕಪ್ಪಾ ಇವನಿಗೆ’ ಎಂದು ಚಿಂತೆಗೆ ಬಿದ್ದರು. ಬಾಸ್ ಗಿಟಾರ್ ಎಂದು ಬಿಚ್ಚಿ ತೋರಿಸಿದ ಮೇಲೂ ಯಾರಿಗೂ ಸಮಾಧಾನವಾಗಲಿಲ್ಲ. ನಾಲ್ಕೇ ತಂತಿ, ಉದ್ದನೆಯ ಕುತ್ತಿಗೆ. ಕರೆಂಟಿಗೆ ಹಚ್ಚದಿದ್ದರೆ ಸೊಳ್ಳೆಯಷ್ಟೂ ಸದ್ದಿಲ್ಲ. ಹಚ್ಚಿದರೆ ಪಕ್ಕದ ಮನೆಯ ನೆಲುವಿನ ಮೇಲಿನ ಗಡಿಗೆ ಅಲುಗುತ್ತದೆ. ರಸಮಂಜರಿಯಲ್ಲಿ ಹಿಂದೆ ಮೂಲೆಯಲ್ಲಿ ನಿಂತು ಯಾರ ಫೋಟೋದಲ್ಲೂ ಬೀಳದ ಒಬ್ಬ ಇರುತ್ತಾನಲ್ಲ, ಅವನ ಕೈಯಲ್ಲಿರುವುದು ಇದೇ. ಅವನು ನುಡಿಸುವುದು ನಮಗೆ ಕೇಳಿಸುವುದಿಲ್ಲ. ನಿಲ್ಲಿಸಿದ್ದು ಮಾತ್ರ ಕೇಳಿಸುತ್ತದೆ.

ಎರಡು ಗಿಟಾರ್ ತಂದದ್ದಕ್ಕೆ ಕಾರಣವಿತ್ತು. ಬೆರಳೂರುವ ಹಲಗೆ, ಅವರ ಮಾತಿನಲ್ಲಿ ಫಿಂಗರ್‌ಬೋರ್ಡ್, ಅವನದರಲ್ಲಿ ಬೀಟೆಯದು. ಗೆಳೆಯನಿಂದ ಎರವಲು ತಂದದ್ದರಲ್ಲಿ ಮೇಪಲ್ ಮರದ್ದು. ‘ಮಾವ, ಬೀಟೆ ಅಂದ್ರೆ ಸ್ವರ ಬೆಚ್ಚಗಿರ್ತದೆ, ಮೇಪಲ್ ಅಂದ್ರೆ ಚುರುಕು, ಕರಿಮರ ಅಂದ್ರೆ ಇನ್ನೂ ಚುರುಕು’ ಎಂದ. ಯುಗಾದಿಯ ಹೊತ್ತಿಗೆ ನೀಲಗುಂದದಲ್ಲಿ ಬೆಚ್ಚಗಿಲ್ಲದ್ದು ಯಾವುದಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮೇಪಲ್‌ನದನ್ನೇ ಹೊಸದಾಗಿ ಕೊಳ್ಳಬೇಕೆಂಬ ಆಸೆ ಅವನಿಗೆ. ಹಣ ನನ್ನಿಂದ ಬರಬೇಕೆಂಬುದು ಎರಡನೇ ಚಹಾದ ಹೊತ್ತಿಗೆ ಗೊತ್ತಾಯಿತು.

ಹಣ ಕೊಡುವವನು ವಿಷಯ ತಿಳಿದುಕೊಳ್ಳುವುದು ಒಳ್ಳೆಯದು. ತಿಳಿದುಕೊಂಡೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬಾಸ್ ತಂದಾಗ ಅದರ ಕುತ್ತಿಗೆ ಇಡಿಯಾಗಿ ಮೇಪಲ್. ಅದರ ಮೇಲೆ ಬೀಟೆಯ ಹಲಗೆ ಬಂದದ್ದು 1959ರಲ್ಲಿ. ಅದೂ ಸ್ವರಕ್ಕಾಗಿ ಅಲ್ಲ, ಬೆರಳಾಡಿ ಆಡಿ ಮೇಪಲ್‌ನ ವಾರ್ನಿಷ್ ಸವೆದು ಕೊಳಕಾಗಿ ಕಾಣುತ್ತಿತ್ತು, ಅದಕ್ಕೆ ಎನ್ನುತ್ತಾರೆ. ಮೈಲಿಗೆ ಮರೆಸಲು ಹಾಕಿದ ಹಲಗೆಗೆ ರಾಗ, ಭಾವ, ಬೆಚ್ಚಗೆಗಳೆಲ್ಲ ಆಮೇಲೆ ಅಂಟಿಕೊಂಡವು. ಅಲ್ಲಿನ ಮಂದಿ ಮೊದಲು ಬಳಸುತ್ತಿದ್ದುದು ಬ್ರೆಜಿಲ್‌ನ ಬೀಟೆ. ಅದು ಸಿಗುವುದು ಕಷ್ಟವಾದಾಗ ಮಾರ್ಟಿನ್‌ನಂಥ ಹಳೆಯ ಗಿಟಾರ್ ಕಂಪನಿಯೂ 1969ರಲ್ಲಿ ಭಾರತದ ಬೀಟೆಗೆ ತಿರುಗಿತು. ಅಂದರೆ ನಮ್ಮ ಪಶ್ಚಿಮ ಘಟ್ಟದ ಮರ. 2017ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದಡಿ ಬೀಟೆಯ ಕುಲಕ್ಕೆಲ್ಲ ಪರವಾನಗಿಯ ಬಿಗಿ ಬಂತು. ವಾದ್ಯ ಹೊತ್ತು ಗಡಿ ದಾಟುವವರು ಗೋಳಾಡಿದರು. 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಘಟ್ಟದಲ್ಲಿ ಹುಟ್ಟಿ, ಹಡಗೇರಿ ಹೋಗಿ, ಗಿಟಾರ್ ಆಗಿ ನೀಲಗುಂದಕ್ಕೆ ಬರುವ ಮರವೂ ಇರಬಹುದು. ನಮ್ಮೂರ ಎಷ್ಟೋ ಹುಡುಗರು ಅಷ್ಟು ತಿರುಗಿಲ್ಲ.

ನಮ್ಮ ಓಣಿಯ ಬಡಿಗೇರಜ್ಜ ಗಾಡಿ, ಕೂರಿಗೆ, ಕುಂಟೆಗಳ ಕಾಲದವನು. ಟ್ರ್ಯಾಕ್ಟರ್ ಬಂದ ಮೇಲೆ ಬಾಗಿಲು, ಕಿಟಕಿ. ಅವನ ಮುಂದೆ ಎರಡೂ ಗಿಟಾರ್ ಇಟ್ಟೆವು. ಬೆರಳ ಗೆಣ್ಣಿನಿಂದ ಬಡಿದ, ಮೂಸಿದ, ಕನ್ನಡಕ ಹಣೆಗೇರಿಸಿ ಕಣ್ಣು ಹಲಗೆಗೆ ಹಚ್ಚಿ ನೋಡಿದ. ಕೊನೆಗೆ ಒಂದೇ ಪ್ರಶ್ನೆ:

‘ತಮ್ಮಾ, ತಂತಿ ತಾಗೂದು ಎಲ್ಲಿಗೆ?’

ಅಳಿಯ ಒತ್ತಿ ತೋರಿಸಿದ. ಹಲಗೆಯ ಅಡ್ಡಕ್ಕೆ ಕೂರಿಸಿದ ಲೋಹದ ಸಣ್ಣ ಮೆಟ್ಟಿಲುಗಳಿವೆಯಲ್ಲ, ಫ್ರೆಟ್, ತಂತಿ ಹೋಗಿ ಕೂರುವುದು ಅದರ ಮೇಲೆ.

‘ಮತ್ತ? ಗಾಲಿ ಜಾಲಿದೋ ಬೇವಿಂದೋ, ನೆಲಕ್ಕ ತಾಗೂದು ಕಬ್ಬಿಣದ ಪಟ್ಟಿ ತಾನೆ?’

ಅಳಿಯನ ಮುಖ ಸಪ್ಪಗಾಯಿತು. ಅಜ್ಜ ಅಷ್ಟಕ್ಕೇ ಬಿಡುವವನಲ್ಲ. ‘ಆದ್ರ ಜಾಲಿ ಗಾಲಿ ಸಪ್ಪಳಾನೇ ಬ್ಯಾರೆ ಇರ್ತಿತ್ತು ನೋಡು’ ಎಂದು ಎದ್ದು ಹೋದ. ಎರಡೂ ಕಡೆಯವರಿಗೆ ಡಿಕ್ರಿ ಕೊಟ್ಟ ನ್ಯಾಯಾಧೀಶನನ್ನು ನಾನು ಅಂದೇ ಕಂಡದ್ದು.

ವಿಚಾರ ಮಾಡಿದರೆ ಅಜ್ಜನ ಎರಡೂ ಮಾತು ಖರೆ. ತಂತಿಯ ನಡುಕವನ್ನು ಹಿಡಿಯುವುದು ಅದರ ಕೆಳಗಿನ ಅಯಸ್ಕಾಂತದ ಪಿಕಪ್. ಮರ ಏನು ಹಾಡಿದರೂ ಅದಕ್ಕೆ ನೇರವಾಗಿ ಕೇಳಿಸದು. ಆದರೆ ಆ ಹಲಗೆ ಕುತ್ತಿಗೆಗೆ ಅಂಟಿಕೊಂಡಿದೆ, ಕುತ್ತಿಗೆ ತಾನೂ ನಡುಗುತ್ತದೆ. ಯಾವುದೋ ಒಂದು ಸ್ವರಕ್ಕೆ ಕುತ್ತಿಗೆಯ ನಡುಕ ಸರಿಹೊಂದಿಬಿಟ್ಟರೆ ತಂತಿಯ ಬಲವನ್ನೆಲ್ಲ ಅದೇ ನುಂಗುತ್ತದೆ, ಸ್ವರ ಬೇಗ ಸಾಯುತ್ತದೆ. ಎಷ್ಟೋ ಬಾಸ್‌ಗಳಲ್ಲಿ ತೆಳ್ಳನೆಯ ತಂತಿಯ ಐದರಿಂದ ಏಳನೇ ಮೆಟ್ಟಿಲ ಸುತ್ತ ಇಂಥ ಸತ್ತ ಜಾಗ ಇರುತ್ತದೆ. ಕುತ್ತಿಗೆಯ ತುದಿಗೆ ಒಂದಿಷ್ಟು ಭಾರ ಕಟ್ಟಿದರೆ ಆ ಜಾಗ ಅತ್ತಿತ್ತ ಸರಿಯುತ್ತದೆ. ಮರದ ಬಿಗುವು, ತೂಕ ತಮ್ಮ ಕೈ ತೋರಿಸುವುದು ಹೀಗೆ ಹಿಂಬಾಗಿಲಿನಿಂದ.

ಆದರೂ ಪರೀಕ್ಷೆ ಆಗಲೇಬೇಕೆಂದು ಅಳಿಯ ಹಟ ಹಿಡಿದ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನು, ಪಕ್ಕೆಗಳ ಮರವಷ್ಟೇ ಬೇರೆಯಾದ ಆರು ಗಿಟಾರ್ ಮಾಡಿಸಿ, ಮಬ್ಬು ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಸಿ 52 ಮಂದಿ ವಾದಕರಿಂದ ನುಡಿಸಿದ್ದರಂತೆ. ಅಗ್ಗದ ಮರಕ್ಕೂ ದುಬಾರಿ ಮರಕ್ಕೂ ಹೇಳಿಕೊಳ್ಳುವಂಥ ಅಂತರ ಅವರಿಗೆ ಸಿಗಲಿಲ್ಲ. ಅದು ಕರೆಂಟಿಲ್ಲದ ಗಿಟಾರ್, ಬೆನ್ನಿನ ಹಲಗೆಯ ಮಾತು, ನಮ್ಮದು ಬೇರೆ ಎಂದು ಅಳಿಯನ ವಾದ. ಇರಲಿ ಎಂದು ನಡುಮನೆಯಲ್ಲಿ ನಾನು, ಅಕ್ಕ, ಅಜ್ಜ ಮೂವರೂ ಕಣ್ಣಿಗೆ ಟವೆಲ್ ಸುತ್ತಿಕೊಂಡು ಕೂತೆವು. ಹಬ್ಬಕ್ಕೆಂದು ಬೇವು ಕೊಡಲು ಬಂದ ಪಕ್ಕದ ಮನೆಯ ಹುಡುಗಿ ನಮ್ಮನ್ನು ನೋಡಿ ಬೇವನ್ನು ಹೊಸ್ತಿಲ ಮೇಲೆ ಚೆಲ್ಲಿ ಓಡಿದಳು.

ನುಡಿಸಿದ್ದು ಯಾವ ಗಿಟಾರ್ ಎಂದು ಹೇಳುವುದರಲ್ಲಿ ನನಗೂ ಅಜ್ಜನಿಗೂ ಅರ್ಧಕ್ಕರ್ಧ ತಪ್ಪು. ಅಕ್ಕ ಮಾತ್ರ ಹತ್ತಕ್ಕೆ ಹತ್ತು. ಅಳಿಯ ಹಿಗ್ಗಿ ಹೀರೇಕಾಯಿಯಾದ. ‘ನೋಡಿ ಮಾವ, ಅವ್ವಗ ಮರ ಕೇಳಸ್ತೈತಿ!’

‘ಮರ ಗಿರ ನನಗ ಗೊತ್ತಿಲ್ಲಪ್ಪ. ಒಂದು ತೊಳೆದ ಪಾತ್ರೆ ಸಪ್ಪಳ, ಒಂದು ಎಣ್ಣೆಜಿಡ್ಡಿನ ಪಾತ್ರೆ ಸಪ್ಪಳ’ ಎಂದಳು ಅಕ್ಕ.

ತಂತಿ ನೋಡಿದೆವು. ಗೆಳೆಯನ ಗಿಟಾರಿಗೆ ಹೊಸ ತಂತಿ. ಇವನದಕ್ಕೆ ವರ್ಷದಿಂದ ಬದಲಿಸದ, ಬೆವರು ಕುಡಿದ ತಂತಿ. ಸುರುಳಿಯ ಸಂದಿನಲ್ಲಿ ಕೊಳೆ ಕೂತರೆ ಮೇಲಿನ ಚುರುಕು ದನಿಗಳು ಮೊದಲು ಸಾಯುತ್ತವೆ. ನೀರಲ್ಲಿ ಕುದಿಸಿದರೆ ಒಂದಿಷ್ಟು ದಿನ ಬದುಕುತ್ತವೆ ಎಂದು ಅಳಿಯನೇ ಒಪ್ಪಿಕೊಂಡ. ಬಾಸ್ ನುಡಿಸುವ ಬಡವರು ಜಗತ್ತಿನೆಲ್ಲೆಡೆ ಮಾಡುವುದು ಅದನ್ನೇ. ಹೋಳಿಗೆಯ ಬೇಳೆ ಇಳಿಸಿದ ಒಲೆಯ ಮೇಲೆ ಅಕ್ಕ ಹಳೆಯ ಡಬರಿಯಲ್ಲಿ ನಾಲ್ಕೂ ತಂತಿ ಹಾಕಿ ಹತ್ತು ನಿಮಿಷ ಕುದಿಸಿದಳು. ನೀರು ಹುಣಸೆ ಕಿವುಚಿದಂತಾಯಿತು. ಒಣಗಿಸಿ ಬಿಗಿದು ನುಡಿಸಿದರೆ ಬೀಟೆಯ ಗಿಟಾರ್ ಮೇಪಲ್ ಆಗಿ ಕೂತಿತ್ತು. ಹಲಗೆ ಒಂದು, ದನಿ ಇನ್ನೊಂದು ಆಗುವುದು ನಮ್ಮ ಹರಪನಹಳ್ಳಿ ತಾಲ್ಲೂಕಿನವರಿಗೆ ಹೊಸತೇನಲ್ಲ. 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋದವರು ನಾವು. ಬೋರ್ಡು ಬದಲಾದಷ್ಟು ಸಲ ದನಿ ಬದಲಾಗಲಿಲ್ಲ.

ಹಾಗೆಂದು ಹಲಗೆಗೆ ಎಲ್ಲೂ ಬೆಲೆಯಿಲ್ಲ ಎಂದರೆ ತಪ್ಪಾದೀತು. ಮೆಟ್ಟಿಲೇ ಇಲ್ಲದ ಬಾಸ್ ಉಂಟು, ಅದರಲ್ಲಿ ತಂತಿ ನೇರ ಮರಕ್ಕೇ ಒರಗುತ್ತದೆ. ಜಾಕೊ ಪಾಸ್ಟೋರಿಯಸ್ ಎಂಬ ಮಹರಾಯ ಮೆಟ್ಟಿಲು ತೆಗೆದ ತನ್ನ 1962ರ ಬಾಸ್‌ನ ಬೀಟೆಯ ಮೇಲೆ ದೋಣಿಗೆ ಬಳಿಯುವ ಎಪಾಕ್ಸಿ ಬಳಿದು, ಹಾಡುವ ದನಿ ಹೊರಡಿಸಿದ. ಅಷ್ಟು ದೂರವೇಕೆ, ನಮ್ಮ ಸರೋದ್ ನೋಡಿ. ಅದರ ಹಿರೀಕ ರಬಾಬಿನ ಬೆರಳಪಟ್ಟಿ ಮರದ್ದು. ಅಲ್ಲಿ ಉಕ್ಕಿನ ತಗಡು, ಜೊತೆಗೆ ಲೋಹದ ತಂತಿ ಬಂದ ಮೇಲೆ ದನಿ ಉದ್ದವಾಯಿತು, ಸ್ವರದಿಂದ ಸ್ವರಕ್ಕೆ ಮೀಂಡ್ ಜಾರಿತು. ರಾಜೀವ ತಾರಾನಾಥರ ಸರೋದ್ ಕೇಳಿದವರಿಗೆ ಆ ತಗಡಿನ ಋಣ ಬಿಡಿಸಿ ಹೇಳಬೇಕಿಲ್ಲ.

ಹಬ್ಬದ ಮರುದಿನ ಅಳಿಯ ‘ಸ್ಸ್’ ಎಂದು ಕೈ ಹಿಂದೆಳೆದುಕೊಂಡ. ಹೆಬ್ಬೆರಳ ಬುಡದಲ್ಲಿ ಗೀರು, ಸಾಸಿವೆಕಾಳಷ್ಟು ರಕ್ತ. ಬೆಂಗಳೂರಿನಲ್ಲಿ ನುಣ್ಣಗಿದ್ದ ಗಿಟಾರು ನಮ್ಮೂರ ಒಣ ಬಿಸಿಲಿಗೆ ಮೂರೇ ದಿನದಲ್ಲಿ ಹಲ್ಲು ಬಿಟ್ಟಿತ್ತು. ಹಲಗೆ ಕೂದಲೆಳೆಯಷ್ಟು ಕುಗ್ಗಿದೆ, ಲೋಹ ಕುಗ್ಗಿಲ್ಲ, ಅಂಚಿನುದ್ದಕ್ಕೂ ಮೆಟ್ಟಿಲುಗಳ ತುದಿ ಹೊರಗಿಣುಕಿವೆ. ಬಡಿಗೇರಜ್ಜ ಸಣ್ಣ ಅರ ತಂದ. ನಮ್ಮೂರ ಭೀಮೇಶ್ವರ ಗುಡಿಯ ನೆರಳಿನಲ್ಲಿ ಕೂತು, ಮರಕ್ಕೆ ಅಂಟುಪಟ್ಟಿ ಹಚ್ಚಿ, ಒಂದೊಂದೇ ತುದಿಯನ್ನು ಓರೆಯಾಗಿ ಉಜ್ಜಿ, ಹೆಬ್ಬೆರಳಾಡಿಸಿ ನೋಡಿ ಮುಂದಿನದಕ್ಕೆ ಹೋದ. ಆ ಗುಡಿಯ ಬಳಪದ ಕಲ್ಲಿನ ಕಂಬಗಳನ್ನು ಕಡೆದು ಕನ್ನಡಿಯಾಗಿಸಿದ ಚಾಲುಕ್ಯರ ಕಾಲದವರೂ ಹೀಗೇ ಬೆರಳಾಡಿಸಿ ನೋಡಿರಬೇಕು.

ಮೇಪಲ್ ಗಿಟಾರಿಗೆ ನಾನು ಹಣ ಕೊಡಲಿಲ್ಲ. ಒಂದು ಜೊತೆ ಹೊಸ ತಂತಿಗೆ ಕೊಟ್ಟೆ. ಡಬರಿಯನ್ನು ಅಕ್ಕ ಮತ್ತೆ ಅಡುಗೆಗೆ ಹಚ್ಚಿಲ್ಲ, ಅದರಲ್ಲಿ ಈಗ ಕೋಳಿ ನೀರು ಕುಡಿಯುತ್ತದೆ.